ಕಳಚಿಡುವ ರೈಫಲ್ಲು ಹೊಲ ಕಾಯುತ್ತದೆಯೆ?



ಕಡಲೇಕಾಯಿ ಬಲಿಯುವ ಹೊತ್ತಿಗೆ ತಿರುಮಣಿ, ನಾಗಲಮಡಿಕೆ ಕಡೆಯ ಹೊಲಗಳಲ್ಲಿ ರಾತ್ರಿ ನಿದ್ದೆ ಎಂಬುದು ಇರುವುದಿಲ್ಲ. ಹಂದಿಯ ಹಿಂಡು ಒಂದು ಸಾಲಿಗೆ ಮೂತಿ ಹಾಕಿತೆಂದರೆ, ಮಳೆಯನ್ನೇ ನಂಬಿ ಬಿತ್ತಿದ ಬೆಳೆ ಬೆಳಗಾಗುವುದರೊಳಗೆ ಉತ್ತ ಹೊಲದಂತೆ ಆಗಿರುತ್ತದೆ. ಮಧುಗಿರಿ, ಕೊರಟಗೆರೆ ಗುಡ್ಡಗಳ ಸುತ್ತ ಕರಡಿಯ ಕಾಟ ಬೇರೆ. ಆಗ ಜಗಲಿಯ ಮೇಲಿನ ಮಾತು ಬಂದೂಕಿನ ಕಡೆಗೆ ತಿರುಗುವುದು ಸಹಜವೇ. “ಅಣ್ಣಾ, ಎರಡು ತುಂಡಾಗಿ ಬಿಚ್ಚಿ ಟ್ರಂಕಿನಲ್ಲಿಡೋ ಸಣ್ಣ ರೈಫಲ್ಲು ಅಂತ ಒಂದಿದೆಯಂತೆ. ಹಗುರವಂತೆ, ತೋಟಾನೂ ಅಗ್ಗವಂತೆ. ಅದನ್ನೇ ಒಂದು ತಗೊಂಡ್ರೆ ಆಗದಾ?” ಎಂದು ಕೇಳುವವರು ಈಗ ಹೆಚ್ಚಾಗಿದ್ದಾರೆ. ಹಣ ಕೈಬಿಡುವ ಮೊದಲು ಆ ರೈಫಲ್ಲಿನ ಒಳಿತು ಕೆಡುಕುಗಳನ್ನು ಸ್ವಲ್ಪ ಅಳೆದು ನೋಡೋಣ.

ಮೊದಲು ಅದು ಏನೆಂದು ತಿಳಿಯಬೇಕು. ಇದನ್ನು ಪಾಯಿಂಟ್ ಇಪ್ಪತ್ತೆರಡು ಎನ್ನುತ್ತಾರೆ. ನಳಿಗೆಯ ಬಾಯಿ ಒಂದು ಅಂಗುಲದ ನೂರರಲ್ಲಿ ಇಪ್ಪತ್ತೆರಡು ಪಾಲು, ಅಂದರೆ ಸುಮಾರು ಐದೂವರೆ ಮಿಲಿಮೀಟರು. ಎನ್.ಸಿ.ಸಿ.ಯಲ್ಲಿ ಗುರಿ ಹೊಡೆದ ಹುಡುಗರು ನಿಮ್ಮ ಮನೆಯಲ್ಲಿದ್ದರೆ ಅವರಿಗೆ ಇದು ಗೊತ್ತು. ಅಲ್ಲಿ ಅವರ ಕೈಗೆ ಕೊಡುವುದು ಇದೇ ಅಳತೆಯ ರೈಫಲ್ಲು. ಇದರ ತೋಟಾದಲ್ಲಿ ಸಿಡಿಯುವ ಮದ್ದು ಬುಡದ ನಡುವೆ ಇರುವುದಿಲ್ಲ, ಬುಡದ ಅಂಚಿನ ಮಡಿಕೆಯೊಳಗೆ ಸುತ್ತಲೂ ಹರಡಿರುತ್ತದೆ. ಸೂಜಿ ಆ ಅಂಚನ್ನು ಜಜ್ಜಿದಾಗ ಕಿಡಿ ಹುಟ್ಟುತ್ತದೆ. ಅದಕ್ಕೇ ಇದನ್ನು ರಿಮ್‌ಫೈರ್, ಅಂದರೆ ಅಂಚು ಸಿಡಿಯುವ ತೋಟಾ, ಎಂದು ಕರೆದದ್ದು. ಫ್ರಾನ್ಸಿನ ಫ್ಲೋಬರ್ ಎಂಬಾತ 1845ರ ಸುಮಾರಿನಲ್ಲಿ ಇದಕ್ಕೆ ದಾರಿ ಹಾಕಿದ; ಈಗ ಎಲ್ಲೆಡೆ ಬಳಸುವ ಉದ್ದನೆಯ ತೋಟಾ 1887ರಲ್ಲಿ ಅಮೆರಿಕದಲ್ಲಿ ಬಂತು. ಸುಟ್ಟ ಕೊಪ್ಪೆಯನ್ನು ಮತ್ತೆ ತುಂಬಲು ಬರುವುದಿಲ್ಲ. ಒಮ್ಮೆ ಜಜ್ಜಿದ ಅಂಚು ಮುಗಿಯಿತು.

ಇನ್ನು ‘ಕಳಚುವ’ ಎಂಬ ಮಾತು. ನಳಿಗೆ ಒಂದು ಕಡೆ, ಕುದುರೆ ಮತ್ತು ಮರದ ಹಿಡಿ ಇನ್ನೊಂದು ಕಡೆ, ಹೀಗೆ ಎರಡು ಭಾಗ. ಒಂದು ತಿರುಪನ್ನೋ ಚಿಲಕವನ್ನೋ ಸಡಿಲಿಸಿ ತಿರುಗಿಸಿದರೆ ಬೇರೆಯಾಗುತ್ತದೆ. ಬೆಲ್ಜಿಯಂನಲ್ಲಿ 1914ರಿಂದ ತಯಾರಾದ ಬ್ರೌನಿಂಗ್ ರೈಫಲ್ಲು ಈ ಬಗೆಯಲ್ಲಿ ಹೆಸರುವಾಸಿ.

ಇದರಲ್ಲಿ ಗುಣ ಇಲ್ಲದೆ ಇಲ್ಲ. ತೂಕ ಕಡಿಮೆ, ಭುಜಕ್ಕೆ ಒದೆತ ಇಲ್ಲವೆಂದರೂ ಸರಿ. ನಳಿಗೆ ಬೇರೆಯಾಗುವುದರಿಂದ ಹಿಂಬದಿಯಿಂದ ಬತ್ತಿ ಹಾಕಿ ಚೊಕ್ಕಟ ಮಾಡಬಹುದು. ನನಗೆ ಎಲ್ಲಕ್ಕಿಂತ ಹಿಡಿಸುವುದು ಜೋಪಾನದ ಅನುಕೂಲ: ನಳಿಗೆ ಒಂದು ಬೀರುವಿನಲ್ಲಿ, ಉಳಿದದ್ದು ಇನ್ನೊಂದರಲ್ಲಿ, ತೋಟಾ ಮೂರನೆಯ ಕಡೆ, ಮೂರಕ್ಕೂ ಬೀಗ. ಮಕ್ಕಳಿರುವ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಗುರಿ ಅಭ್ಯಾಸಕ್ಕಂತೂ ಇದಕ್ಕೆ ಸಾಟಿಯಿಲ್ಲ.

ಆದರೆ ನಮ್ಮ ಪ್ರಶ್ನೆ ಗುರಿ ಹಲಗೆಯದಲ್ಲ, ಹಂದಿಯದು. ಅಲ್ಲಿ ಲೆಕ್ಕ ಬೇರೆಯಾಗುತ್ತದೆ.

ಈ ರೈಫಲ್ಲಿನ ಗುಂಡು ಎರಡೂವರೆ ಗ್ರಾಂ ಚಿಲ್ಲರೆ ತೂಕದ ಸೀಸ. ಮೊಲದಂಥ ಸಣ್ಣ ಜೀವಕ್ಕೆ ಐವತ್ತು ಅರವತ್ತು ಮೀಟರಿನಲ್ಲಿ ಇದು ಸಾಕು. ಬಲಿತ ಹಂದಿಗೆ ಸಾಲದು. ಅದರ ಹೆಗಲಿನ ತೊಗಲು ಕೊಬ್ಬು ನಿಮಗೆ ಗೊತ್ತೇ ಇದೆ. ಗುಂಡು ಒಳಗೆ ನಾಟಿದರೂ ಹಂದಿ ಬೀಳದೆ ಗಾಯದ ನೋವಿನಲ್ಲಿ ಪೊದೆ ಸೇರುತ್ತದೆ. ಮಾರನೆಯ ದಿನ ಅದೇ ಪೊದೆಯ ಪಕ್ಕ ಸೌದೆಗೋ ಮೇವಿಗೋ ಹೋಗುವವರು ನಮ್ಮ ಹೆಣ್ಣುಮಕ್ಕಳು. ಗಾಯಗೊಂಡ ಹಂದಿ ಮುನ್ನುಗ್ಗಿದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಇನ್ನೊಂದು ಸಂಗತಿ ನೋಡಿ. ಮದ್ದು ತುಂಬುವ ನಾಡ ಬಂದೂಕು ಹಂದಿಗೆ ತಾಗದಿದ್ದರೂ ಅದರ ಢಂ ಎಂಬ ಸದ್ದಿಗೇ ಹಿಂಡು ಚದುರುತ್ತದೆ. ಇಪ್ಪತ್ತೆರಡರ ಸದ್ದು ಒಣಕೋಲು ಮುರಿದ ಹಾಗೆ. ಹೆದರಿಸಲಿಕ್ಕೂ ಅದು ಒದಗುವುದಿಲ್ಲ.

“ಸಣ್ಣ ಗುಂಡಲ್ಲವಾ ಸ್ವಾಮಿ, ದೂರ ಹೋಗಲಾರದು” ಎಂದು ಕೆಲವರ ಭಾವನೆ. ಇದು ಬಹಳ ಅಪಾಯದ ಭಾವನೆ. ನಳಿಗೆ ಬಿಡುವಾಗ ಆ ಗುಂಡಿನ ಓಟ ಸೆಕೆಂಡಿಗೆ ಮುನ್ನೂರು ಮೀಟರಿಗೂ ಹೆಚ್ಚು. ನಳಿಗೆಯನ್ನು ಸ್ವಲ್ಪ ಮೇಲೆತ್ತಿ ಹಾರಿಸಿದರೆ ಒಂದೂವರೆ ಕಿಲೋಮೀಟರು ದಾಟಿ ಹೋಗಬಲ್ಲದು. ಚರೆ ಹಾರಿಸುವ ಬಂದೂಕಿನಲ್ಲಿ ಹಕ್ಕಿಯ ಕಡೆ ಹಾರಿಸಿದ ಸಣ್ಣ ಚರೆ ಇನ್ನೂರು ಮುನ್ನೂರು ಮೀಟರಿನೊಳಗೆ ಸೋತು ಬೀಳುತ್ತದೆ. ರೈಫಲ್ಲಿನ ಒಂಟಿ ಗುಂಡು ಹಾಗಲ್ಲ. ನಮ್ಮ ಸೀಮೆಯೋ, ಬಯಲು, ನಡುನಡುವೆ ಬಂಡೆಗುಡ್ಡ. ಬಯಲಿನಲ್ಲಿ ಗುಂಡನ್ನು ತಡೆಯುವ ಮರ ಮಣ್ಣು ಇಲ್ಲ. ಬಂಡೆಗೆ ಬಡಿದರೆ ಅದು ನೆಲಕ್ಕೆ ಬೀಳದೆ ಇನ್ನೊಂದು ದಿಕ್ಕಿಗೆ ಚಿಮ್ಮುತ್ತದೆ. ಕೆರೆಯ ನೀರಿನ ಮೇಲೂ, ಹುಡುಗರು ಎಸೆಯುವ ಬಿಲ್ಲೆಕಲ್ಲಿನಂತೆ, ಕುಪ್ಪಳಿಸಿ ಹೋಗುತ್ತದೆ. ಕತ್ತಲಲ್ಲಿ ಹಂದಿಯ ಆಚೆ ಕುರಿಹಟ್ಟಿ ಇದೆಯೋ, ಕಾವಲಿನ ಅಟ್ಟಣೆಯಲ್ಲಿ ನೆರೆಯವನು ಮಲಗಿದ್ದಾನೋ ಕಾಣುವುದೆಲ್ಲಿ?

ತಿರುಮಣಿಯ ಸುತ್ತ ಇದಕ್ಕೆ ಮತ್ತೊಂದು ಕಾರಣ ಸೇರಿಕೊಂಡಿದೆ. 2018ರಿಂದ ಇಲ್ಲಿ ಸೌರ ವಿದ್ಯುತ್ತಿನ ಪಾರ್ಕು ನಡೆಯುತ್ತಿದೆ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಊರುಗಳ ಸುಮಾರು 13,000 ಎಕರೆಯಲ್ಲಿ, ರೈತರಿಂದ ಗುತ್ತಿಗೆಗೆ ಪಡೆದ ನೆಲದ ಮೇಲೆ, ಗಾಜಿನ ಹಲಗೆಗಳು ನಿಂತಿವೆ. ಉಳಿದ ಹೊಲ ಕೆಲವು ಕಡೆ ಅವಕ್ಕೆ ಒತ್ತಿಕೊಂಡೇ ಇದೆ. ಅಲ್ಲಿ ಹಗಲು ಹುಲ್ಲು ಕೀಳುವವರು, ಹಲಗೆ ತೊಳೆಯುವವರು, ರಾತ್ರಿ ಕಾವಲಿನವರು ಇದ್ದಾರೆ. ಅವರಲ್ಲಿ ನಮ್ಮ ಊರಿನವರೂ ಉಂಟು. ದಾರಿ ತಪ್ಪಿದ ಒಂದು ಗುಂಡು ಒಡೆಯುವುದು ಬರೀ ಗಾಜನ್ನು ಮಾತ್ರ ಎಂದು ಯಾರು ಹೇಳಬಲ್ಲರು?

ಕಳಚುವ ಜೋಡಣೆಗೂ ತನ್ನದೇ ತಾಪತ್ರಯ ಇದೆ. ಬಿಚ್ಚಿ ಕೂಡಿಸಿ, ಬಿಚ್ಚಿ ಕೂಡಿಸಿ, ಸೇರುವ ಜಾಗ ಸವೆದು ಸಡಿಲವಾಗುತ್ತದೆ. ನಮ್ಮ ಕಡೆಯ ಧೂಳು ಅದರೊಳಗೆ ಸೇರಿದರೆ ಬೇಗನೆ ಸವೆಯುತ್ತದೆ. ಸಡಿಲವಾದ ನಳಿಗೆಯ ಗುರಿ ಒಂದೊಂದು ಸಾರಿ ಒಂದೊಂದು ಕಡೆ. ಆದ್ದರಿಂದ ಕೂಡಿಸಿದಾಗಲೆಲ್ಲ ಗುರಿ ಹಲಗೆಯ ಮೇಲೆ ಪರೀಕ್ಷಿಸಿಯೇ ಬಳಸಬೇಕು. ಅದಕ್ಕೆ ತಕ್ಕ ಜಾಗ ಹಳ್ಳಿಯಲ್ಲಿ ಎಲ್ಲಿದೆ? ಕೆಟ್ಟರೆ ರಿಪೇರಿಗೆ ಲೈಸೆನ್ಸುಳ್ಳ ಅಂಗಡಿಗೇ ಒಯ್ಯಬೇಕು. ಊರ ಕುಲುಮೆಯಲ್ಲಿ ಬಡಿಸುವಂತಿಲ್ಲ. ನಳಿಗೆ ಉದ್ದವಾಯಿತೆಂದು ಕತ್ತರಿಸಿದರಂತೂ ಅದೇ ಒಂದು ಅಪರಾಧ.

ಈಗ ಕಾನೂನಿಗೆ ಬರೋಣ. ಇಲ್ಲಿಯೇ ಹೆಚ್ಚು ಜನ ಎಡವುವುದು. 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೆಯ ಕಲಮಿನಲ್ಲಿ ಬೆಳೆ ಕಾಯುವ ರೈತನ ಮಾತು ಬಂದಿದೆ. ನಿಜವಾಗಿ ಬೆಳೆಯ ರಕ್ಷಣೆಗೆಂದು ಕೇಳುವವನಿಗೆ ಆ ಕಲಮು ಹೇಳುವುದು ಬಾಯಿಂದ ಮದ್ದು ತುಂಬುವ ಬಂದೂಕನ್ನು. ಅದು ಸಾಲದೆಂದು ಅಧಿಕಾರಿಗೆ ಮನದಟ್ಟಾದರೆ ನಯವಾದ ನಳಿಗೆಯ ಬೇರೆ ಬಂದೂಕು ಕೊಡಬಹುದು. ಅದರ ನಳಿಗೆ 20 ಅಂಗುಲಕ್ಕೆ ಕಡಿಮೆ ಇರಕೂಡದು. ಪಾಯಿಂಟ್ ಇಪ್ಪತ್ತೆರಡು ರೈಫಲ್ಲಿನ ಹೆಸರೂ ಅದೇ ಕಲಮಿನಲ್ಲಿದೆ. ಆದರೆ ಅದು ಇರುವುದು ರೈಫಲ್ ಕ್ಲಬ್ಬಿನ ಸದಸ್ಯರ ಗುರಿ ಅಭ್ಯಾಸಕ್ಕೆ! ಅರವತ್ತು ವರ್ಷಕ್ಕೂ ಹಿಂದೆ ಕಾಯಿದೆ ಬರೆದವರೇ ಇದನ್ನು ಹೊಲದ ಆಯುಧವೆಂದು ಎಣಿಸಲಿಲ್ಲ. ಬೇರೆ ಯಾವ ಬಂದೂಕೇ ಕೇಳಿದರೂ ತಕ್ಕ ಕಾರಣವನ್ನು ಅಧಿಕಾರಿಗೆ ಒಪ್ಪಿಸಬೇಕು. “ಹಂದಿ ಕಾಟ” ಎಂದು ಬರೆದು ಇಪ್ಪತ್ತೆರಡನ್ನು ಕೇಳಿದರೆ ಕಾರಣಕ್ಕೂ ಆಯುಧಕ್ಕೂ ತಾಳೆಯಾಗುವುದಿಲ್ಲ.

ಬಿಚ್ಚಿಟ್ಟರೆ ಅದು ಬಂದೂಕೇ ಅಲ್ಲ ಎಂದು ವಾದಿಸುವ ಜಾಣರೂ ಇದ್ದಾರೆ. ಕಾಯಿದೆಯ ಕಣ್ಣಿಗೆ ಬಂದೂಕಿನ ಭಾಗವೂ ಬಂದೂಕೇ. ಅಟ್ಟದ ಮೇಲೆ ಬರೀ ನಳಿಗೆ ಸಿಕ್ಕಿದರೂ ಲೈಸೆನ್ಸು ಕೇಳುತ್ತಾರೆ. ಲೈಸೆನ್ಸಿಲ್ಲದೆ ಬಂದೂಕು ಇಟ್ಟುಕೊಂಡರೆ, 2019ರ ತಿದ್ದುಪಡಿಯ ನಂತರ, ಎರಡು ವರ್ಷಕ್ಕೆ ಕಡಿಮೆಯಿಲ್ಲದೆ ಐದು ವರ್ಷದವರೆಗೆ ಸೆರೆ. ಮದುವೆ ಜಾತ್ರೆಗಳಲ್ಲಿ ಸಂತೋಷಕ್ಕೆಂದು ಜನರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸುವುದಕ್ಕೂ ಅದೇ ತಿದ್ದುಪಡಿ ಶಿಕ್ಷೆ ಇಟ್ಟಿದೆ. ಕೊಡಗಿನಲ್ಲಿ ಕೋವಿಗೆ ಲೈಸೆನ್ಸು ಬೇಡವಂತಲ್ಲ ಎಂದು ಯಾರಾದರೂ ಹೇಳಿದರೆ, ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಸೇರಿದ್ದು. ತುಮಕೂರು ಜಿಲ್ಲೆಗೆ ಅದು ತಗಲುವುದಿಲ್ಲ.

ಲೈಸೆನ್ಸು ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಹೊಡೆಯುವುದು ಯಾವುದನ್ನು? 1972ರ ವನ್ಯಜೀವಿ ಕಾಯಿದೆ ಅಡ್ಡ ನಿಂತಿದೆ. ನವಿಲು, ಕರಡಿ, ಕೃಷ್ಣಮೃಗ, ಚಿರತೆ ಎಲ್ಲ ಮೊದಲನೆಯ ಪಟ್ಟಿಯಲ್ಲಿವೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿಗೆಂದೇ 2007ರಲ್ಲಿ ಜಯಮಂಗಲಿ ಮೀಸಲು ಪ್ರದೇಶ ಆಗಿದೆ. ಅಲ್ಲಿಂದ ಹೊಲಕ್ಕಿಳಿದ ಜಿಂಕೆಯೂ ರಕ್ಷಿತವೇ. ಹಂದಿ ಎರಡನೆಯ ಪಟ್ಟಿಯದು. ನಿಂತ ಬೆಳೆಗೆ ಅಪಾಯವಾದಾಗ ಅದನ್ನು ಹೊಡೆಯಲು ಮುಖ್ಯ ವನ್ಯಜೀವಿ ಪರಿಪಾಲಕರಾಗಲಿ ಅವರು ಅಧಿಕಾರ ಕೊಟ್ಟವರಾಗಲಿ ಲಿಖಿತ ಆದೇಶ ಕೊಡಬಹುದು. ಕಾಗದ ಕೈಗೆ ಬರುವ ಮೊದಲು ಹೊಡೆದರೆ ಅದು ಬೇಟೆ. ಮೈಮೇಲೆ ಬಿದ್ದ ಪ್ರಾಣಿಯಿಂದ ಜೀವ ಉಳಿಸಿಕೊಳ್ಳುವುದು ಬೇರೆ ಮಾತು, ಅದನ್ನು ಕಾಯಿದೆ ಒಪ್ಪುತ್ತದೆ. ಆದರೆ ಬೆಳೆಯನ್ನು ಆ ಮಾತಿನೊಳಗೆ ಸೇರಿಸಲು ಬರುವುದಿಲ್ಲ. ಹೀಗೆ ನೋಡಿದರೆ ಇಪ್ಪತ್ತೆರಡಕ್ಕೆ ಬೀಳುವಷ್ಟು ಸಣ್ಣದಾದ ಮೊಲವನ್ನು ಹೊಡೆಯುವಂತಿಲ್ಲ, ಹೊಡೆಯಲು ಅಪ್ಪಣೆ ಸಿಗಬಹುದಾದ ಹಂದಿ ಇಪ್ಪತ್ತೆರಡಕ್ಕೆ ಬೀಳುವುದಿಲ್ಲ.

ಆದ್ದರಿಂದ ಹೊಲದ ಕಾವಲಿಗೆ ಇದನ್ನು ಕೊಳ್ಳಬೇಡಿ ಎಂದೇ ನನ್ನ ಸಲಹೆ. ಅದೇ ಹಣವನ್ನು ನಾಲ್ಕು ಮನೆಯವರು ಕೂಡಿ ಸೌರ ಬೇಲಿಗೆ ಹಾಕಿದರೆ ಮೇಲು. ಅದು ಬಿಟ್ಟು ಬಿಟ್ಟು ತಟ್ಟುವ ಮಿಂಚು, ಪ್ರಾಣಿ ಬೆಚ್ಚಿ ಓಡುತ್ತದೆ, ಸಾಯುವುದಿಲ್ಲ. ಕಂಬದಿಂದ ನೇರವಾಗಿ ಕರೆಂಟು ಎಳೆದು ತಂತಿಗೆ ಬಿಡುವುದು ಮಾತ್ರ ಕೊಲೆಗೆ ಸಮಾನ. ಹಂದಿಗೆಂದು ಕಟ್ಟಿದ ತಂತಿ ಕತ್ತಲಲ್ಲಿ ನೀರು ಕಟ್ಟಲು ಹೋದ ಮನೆಯವನನ್ನೇ ಹಿಡಿಯುತ್ತದೆ. ಅಟ್ಟಣೆಯ ಕಾವಲು, ತಮಟೆ, ಡಬ್ಬ, ಬ್ಯಾಟರಿಯ ಬೆಳಕು ಹಳೆಯವೇ ಆದರೂ ಸರದಿಯ ಮೇಲೆ ನಡೆಸಿದರೆ ಫಲ ಕೊಡುತ್ತವೆ. ಬೆಳೆ ಹಾಳಾದರೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಹೊಲವನ್ನು ಉತ್ತು ಸರಿಮಾಡುವ ಮೊದಲೇ ಫೋಟೋ ತೆಗೆದು, ಪಹಣಿಯೊಂದಿಗೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಅರ್ಜಿ ಕೊಡಿ.

ಮಕ್ಕಳಿಗೆ ಗುರಿ ಹೊಡೆಯುವ ಆಸೆ ಇದ್ದರೆ ಅದನ್ನು ಹತ್ತಿಕ್ಕಬೇಕಾಗಿಲ್ಲ. ಐವತ್ತು ಮೀಟರಿನ ಒಲಿಂಪಿಕ್ ಪಂದ್ಯ ನಡೆಯುವುದು ಇದೇ ಇಪ್ಪತ್ತೆರಡರಲ್ಲಿ. ಎನ್.ಸಿ.ಸಿ. ಒಂದು ದಾರಿ, ರೈಫಲ್ ಕ್ಲಬ್ಬು ಇನ್ನೊಂದು ದಾರಿ.

ಕೊನೆಯದಾಗಿ, ಅಜ್ಜನ ಕಾಲದ ಇಂಥ ರೈಫಲ್ಲು ಈಗಾಗಲೇ ಟ್ರಂಕಿನಲ್ಲಿರುವ ಹಳೆಯ ಮನೆಗಳು. ತೀರಿಕೊಂಡವರ ಲೈಸೆನ್ಸು ಮಕ್ಕಳಿಗೆ ತಾನಾಗಿ ಬರುವುದಿಲ್ಲ. ಎರಡು ಭಾಗವನ್ನೂ ತೋಟಾಗಳನ್ನೂ ಠಾಣೆಗೋ ಲೈಸೆನ್ಸುಳ್ಳ ಬಂದೂಕಿನ ಅಂಗಡಿಗೋ ಒಪ್ಪಿಸಿ ರಸೀದಿ ತೆಗೆದುಕೊಳ್ಳಿ. ಇಟ್ಟುಕೊಳ್ಳುವ ಮನಸ್ಸಿದ್ದರೆ ವಾರಸುದಾರರಲ್ಲಿ ಒಬ್ಬರ ಹೆಸರಿಗೆ, ಉಳಿದವರ ಒಪ್ಪಿಗೆ ಪತ್ರದೊಂದಿಗೆ, ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ ಹಾಕಬಹುದು. ವಯಸ್ಸು 21 ತುಂಬಿರಬೇಕು. ಈಗಿನ ಲೈಸೆನ್ಸಿನ ಅವಧಿ ಐದು ವರ್ಷ. ಮುಗಿಯುವ ತಾರೀಖನ್ನು ಪಂಚಾಂಗದ ಮೇಲೆ ಬರೆದಿಡಿ, ನವೀಕರಣದ ಅರ್ಜಿಯನ್ನು ಅದಕ್ಕೆ ಮೊದಲೇ ಕೊಡಿ. ಚುನಾವಣೆಯ ಕಾಲದಲ್ಲಿ ಠಾಣೆಗೆ ಒಪ್ಪಿಸುವಂತೆ ನೋಟೀಸು ಬಂದರೆ ಬರೀ ಹಿಡಿಯನ್ನಲ್ಲ, ನಳಿಗೆಯನ್ನೂ ಜೊತೆಗೇ ಒಯ್ಯಿರಿ, ರಸೀದಿಯಲ್ಲಿ ಎರಡನ್ನೂ ಬರೆಸಿಕೊಳ್ಳಿ.