ಮೀನಿನ ತೊಟ್ಟಿಯ ಪಂಪ್ ಎಷ್ಟು ವೇಗದಲ್ಲಿರಬೇಕು?

ಹಳೆಯ ಮಸೀದಿಗಳ ಹೌಝ್‌ನಲ್ಲಿ ಮೀನುಗಳು ಪಂಪಿಲ್ಲದೆಯೇ ಬದುಕುವುದನ್ನು ನೀವು ನೋಡಿರಬಹುದು. ಅಲ್ಲಿ ನೀರು ಧಾರಾಳ, ಮೀನು ಕಡಿಮೆ. ಮನೆಯ ಗಾಜಿನ ತೊಟ್ಟಿಯ ಲೆಕ್ಕವೇ ಬೇರೆ. ಮೀನಿನ ಮಲದಿಂದಲೂ ಉಳಿದ ಆಹಾರದಿಂದಲೂ ಅಮೋನಿಯಾ ಉಂಟಾಗುತ್ತದೆ. ಇದು ಮೀನಿಗೆ ವಿಷ. ಫಿಲ್ಟರ್‌ನ ಸ್ಪಂಜಿನಲ್ಲಿ ಬೆಳೆದ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಬಳಿಕ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುತ್ತವೆ. ಅವುಗಳಿಗೆ ಬೇಕಾದ ಆಮ್ಲಜನಕವನ್ನು ತಲುಪಿಸುವುದು ಹರಿಯುವ ನೀರು.

ಆದ್ದರಿಂದ ಕರೆಂಟ್ ಬಿಲ್ಲಿಗೋ ಸದ್ದಿಗೋ ಅಂಜಿ ರಾತ್ರಿ ಪಂಪ್ ಆರಿಸಬೇಡಿ. ಕತ್ತಲಲ್ಲಿ ತೊಟ್ಟಿಯ ಗಿಡಗಳೂ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಬೆಳಿಗ್ಗೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಹಸಿವೆಂದು ಮಕ್ಕಳು ಇನ್ನಷ್ಟು ಆಹಾರ ಹಾಕುತ್ತಾರೆ. ಹಲವು ಸಲ ಅದು ಹಸಿವಲ್ಲ, ಉಸಿರುಕಟ್ಟುವಿಕೆ.

ಸಾಮಾನ್ಯ ತೊಟ್ಟಿಗೆ ಗಂಟೆಗೆ ಅದರ ನೀರಿನ ನಾಲ್ಕೈದು ಪಟ್ಟು ಹರಿವಿದ್ದರೆ ಸಾಕು. ಆದರೆ ಪಂಪಿನ ಪೆಟ್ಟಿಗೆಯ ಮೇಲಿನ ಅಂಕಿಯನ್ನು ನಂಬಬೇಡಿ. ಅದು ನೀರನ್ನು ಮೇಲಕ್ಕೆತ್ತದೆ ಅಳೆದ ಲೆಕ್ಕ. ಎತ್ತರ ಏರಿದಂತೆ, ಕೊಳವೆ ಬಾಗಿದಂತೆ ಹರಿವು ಕುಗ್ಗುತ್ತದೆ. ನೀವೇ ಅಳೆಯಿರಿ: ನೀರು ಬೀಳುವ ಎತ್ತರದಲ್ಲೇ ಬಕೆಟ್ ಹಿಡಿದು ಸಮಯ ನೋಡಿ. 10 ಲೀಟರ್ ತುಂಬಲು 45 ಸೆಕೆಂಡ್ ಬೇಕಾದರೆ ಗಂಟೆಗೆ 800 ಲೀಟರ್. 160 ಲೀಟರ್ ನೀರಿನ ತೊಟ್ಟಿಗೆ ಇದು ಐದು ಪಟ್ಟು. ವೇಗ ಬದಲಿಸುವ ಗುಂಡಿಯಿರುವ ಪಂಪಾದರೆ ಕೆಲಸ ಸುಲಭ. ಇಲ್ಲದಿದ್ದರೆ ನೀರು ಹೊರಡುವ ಕೊಳವೆಗೆ ವಾಲ್ವ್ ಹಾಕಿಸಿ. ಎಳೆಯುವ ಕಡೆಯನ್ನು ಬಿಗಿದರೆ ಪಂಪ್ ಬಿಸಿಯಾಗಿ ಕೆಡುತ್ತದೆ.

ಕೊನೆಯ ಮಾತು ಮೀನಿನದ್ದು. ಉದ್ದ ರೆಕ್ಕೆಯ ಫೈಟರ್ ಮೀನು ಗಾಳಿಯನ್ನೂ ಉಸಿರಾಡಬಲ್ಲದು, ಸೆಳವನ್ನು ಮಾತ್ರ ತಾಳದು. ಮೂಲೆ ಸೇರಿದರೆ ವೇಗ ಇಳಿಸಿ. ಗೋಲ್ಡ್‌ಫಿಶ್ ಹೆಚ್ಚು ಹೊಲಸು ಮಾಡುವುದರಿಂದ ಹರಿವು ತುಸು ಜಾಸ್ತಿಯೇ ಇರಲಿ, ಮೇಲ್ಮೈ ಅಲುಗಾಡುತ್ತಿರಲಿ.

ತೊಟ್ಟಿಯ ಕೆಳಗೆ ಇನ್ನೊಂದು ತೊಟ್ಟಿ ಇಟ್ಟು ಅಲ್ಲಿಂದ ನೀರನ್ನು ಮೇಲೆ ಕಳಿಸುವ ಏರ್ಪಾಡು ಕೆಲವರಲ್ಲಿದೆ. ಅಂಗಡಿಯವರು ಇದನ್ನೂ ಸಂಪ್ ಎನ್ನುತ್ತಾರೆ. ನಿಮ್ಮ ಅಂಗಳದಡಿಯ ಸಂಪ್ ಅಲ್ಲ. ನನ್ನ ಕ್ಲಿನಿಕ್‌ನಲ್ಲೂ ಇತ್ತು. ಒಂದು ಸಂಜೆ ಕರೆಂಟ್ ಹೋದಾಗ ಮೇಲಿನ ನೀರು ಅದೇ ಕೊಳವೆಯಲ್ಲಿ ಹಿಂದಿರುಗಿ, ಕೆಳಗಿನ ತೊಟ್ಟಿ ಉಕ್ಕಿ ರೋಗಿಗಳ ಚಪ್ಪಲಿಗಳು ತೇಲಿದವು! ಕೊಳವೆಯ ಬಾಯಿ ನೀರಿನೊಳಗೆ ಆಳವಾಗಿ ಮುಳುಗಿತ್ತು, ಅದೇ ತಪ್ಪು. ಬಾಯಿಯನ್ನು ಮೇಲ್ಮೈಯ ಹತ್ತಿರವೇ ಇರಿಸಿ, ಕೆಳಗಿನ ತೊಟ್ಟಿಯಲ್ಲಿ ಜಾಗ ಬಿಟ್ಟು, ಒಮ್ಮೆ ನೀವೇ ಸ್ವಿಚ್ ಆರಿಸಿ ಪರೀಕ್ಷಿಸಿ.

ಪಂಪಿಗೆ ಕೈಹಾಕುವ ಮೊದಲು ಪ್ಲಗ್ ಕಿತ್ತಿಡಿ. ವೈರು ಪ್ಲಗ್‌ಗಿಂತ ಕೆಳಗೆ ಜೋತು ಮೇಲೇರಲಿ. ಹನಿ ಅಲ್ಲೇ ಉದುರುತ್ತದೆ, ಸ್ವಿಚ್‌ಬೋರ್ಡ್ ತಲುಪುವುದಿಲ್ಲ.

ಕೈಯಲ್ಲಿ ಗಾಯವಿದ್ದರೆ ಗ್ಲೌಸ್ ಹಾಕಿಕೊಳ್ಳಿ, ಕೆಲಸ ಮುಗಿದ ಮೇಲೆ ಸೋಪಿನಿಂದ ತೊಳೆಯಿರಿ. ಕೊಳವೆಗೆ ಬಾಯಿ ಹಚ್ಚಿ ನೀರು ಎಳೆಯಬೇಡಿ. ತೊಟ್ಟಿಯ ನೀರಿನಲ್ಲಿ ಮೈಕೋಬ್ಯಾಕ್ಟೀರಿಯಂ ಮರೀನಂ ಎಂಬ ಸೂಕ್ಷ್ಮಜೀವಿ ಇರಬಹುದು. ಅದು ಗಾಯದ ಮೂಲಕ ಒಳಹೊಕ್ಕರೆ ಕೆಲವು ವಾರಗಳ ಬಳಿಕ ಬೆರಳಲ್ಲೋ ಮುಂಗೈಯಲ್ಲೋ ಗಂಟು ಏಳುತ್ತದೆ, ಬೇಗ ವಾಸಿಯಾಗುವುದಿಲ್ಲ. ಮನೆಮದ್ದು ಹಚ್ಚುತ್ತ ಕೂರಬೇಡಿ. ಇದಕ್ಕೆ ತಿಂಗಳುಗಟ್ಟಲೆ ಆಂಟಿಬಯೋಟಿಕ್ ಬೇಕಾಗಬಹುದು. ಚರ್ಮವೈದ್ಯರ ಬಳಿ ಹೋದಾಗ ಮನೆಯಲ್ಲಿ ಮೀನಿನ ತೊಟ್ಟಿ ಇದೆಯೆಂದು ನೀವಾಗಿಯೇ ಹೇಳಿ.