ತೀತಾ ದಡದಿಂದ ಕಗ್ಗಲಡುವಿನ ಹುಣಿಸೆಮರದವರೆಗೆ

ಬೇಸಿಗೆಯ ರಜೆ ಬಂದಿತೆಂದರೆ ನಮ್ಮ ಬಯಲುಸೀಮೆಯ ಕುಟುಂಬಗಳಿಗೆ ಕರಾವಳಿಯ ನೆನಪಾಗುತ್ತದೆ. ಗೋಕರ್ಣ, ಮುರುಡೇಶ್ವರ, ಮಲ್ಪೆಗಳ ಮರಳದಂಡೆಯಲ್ಲಿ ನಾಲ್ಕು ದಿನ ಹಾಯಾಗಿದ್ದು ಅಲೆಗಳ, ಸೂರ್ಯಾಸ್ತದ, ಕಡಲಹಕ್ಕಿಗಳ ಚಿತ್ರ ತೆಗೆದು ತರಬೇಕೆಂಬ ಆಸೆ ಸಹಜವಾದದ್ದೇ. ಆದರೆ ಘಟ್ಟದ ತಿರುವುಗಳನ್ನು ಇಳಿಯಲಾರದ ಹಿರಿಯರು ಮನೆಯಲ್ಲಿದ್ದಾಗ ಏನು ಮಾಡುವುದು? ನಮ್ಮ ದೊಡ್ಡಮ್ಮನವರಿಗೆ ಗೊರವನಹಳ್ಳಿಯ ಮಹಾಲಕ್ಷ್ಮಿಗೆ ಸಲ್ಲಿಸಬೇಕಾದ ಹರಕೆಯೊಂದಿತ್ತು. ಮಕ್ಕಳಿಗೆ ನೀರು ಬೇಕಿತ್ತು, ಕ್ಯಾಮರಾಕ್ಕೆ ಕೆಲಸ ಬೇಕಿತ್ತು. ಈ ಮೂರನ್ನೂ ಕೊರಟಗೆರೆ, ಮಧುಗಿರಿ, ಸಿರಾ ಸೀಮೆಯೊಂದರಲ್ಲೇ ಪಡೆಯಬಹುದೆಂಬುದು ಬಹಳ ಜನ ಭಕ್ತರ ಗಮನಕ್ಕೆ ಬಂದಂತಿಲ್ಲ.

ಗೊರವನಹಳ್ಳಿಗೆ ಬರುವವರಲ್ಲಿ ಹೆಚ್ಚಿನವರು ದರ್ಶನ ಮುಗಿಸಿ, ಪ್ರಸಾದ ಸ್ವೀಕರಿಸಿ, ಬಂದ ದಾರಿಯಲ್ಲೇ ಮರಳುತ್ತಾರೆ. ಮಂಗಳವಾರ, ಶುಕ್ರವಾರಗಳಲ್ಲಂತೂ ಜನಸಂದಣಿಯಲ್ಲಿ ಬೇರೆ ಯೋಚನೆಗೆ ಆಸ್ಪದವೇ ಇರುವುದಿಲ್ಲ. ದೇವಾಲಯದ ಸಮೀಪದಲ್ಲೇ ಇರುವ ತೀತಾ ಜಲಾಶಯದ ಏರಿಯ ಮೇಲೆ ಒಂದು ಸಂಜೆಯನ್ನು ಕಳೆದವರಿಗೆ ಮಾತ್ರ ಈ ಊರಿನ ಇನ್ನೊಂದು ಮುಖ ಕಾಣುತ್ತದೆ. ಸುತ್ತಲೂ ಬಂಡೆಗುಡ್ಡಗಳು, ನಡುವೆ ನಿಶ್ಚಲವಾದ ನೀರು, ದಡದ ಕೆಸರಿನಲ್ಲಿ ಒಂಟಿಕಾಲಿನ ಬೆಳ್ಳಕ್ಕಿ, ನೀರಿಗೆ ಧುಮುಕಿ ಮೇಲೇಳುವ ನೀರುಕಾಗೆ. ಸೂರ್ಯನು ಗುಡ್ಡದ ಹಿಂದೆ ಸರಿಯುವ ಮುನ್ನಿನ ಅರ್ಧಗಂಟೆಯಲ್ಲಿ ಬಂಡೆಗಳು ಜೇನಿನ ಬಣ್ಣ ತಾಳುತ್ತವೆ. ಚಿತ್ರ ತೆಗೆಯುವವರಿಗೆ ಅದಕ್ಕಿಂತ ಒಳ್ಳೆಯ ಬೆಳಕು ಸಿಗದು.

ಈ ನೀರು ಜಯಮಂಗಲಿ ನದಿಯದು. ದೇವರಾಯನದುರ್ಗದಲ್ಲಿ ಹುಟ್ಟಿ, ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ಹಾಯ್ದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಪಿನಾಕಿನಿಯು ನೆಲ್ಲೂರಿನ ಆಚೆ ಬಂಗಾಳಕೊಲ್ಲಿಗೆ ಕೂಡುತ್ತದೆ. ಅದೇ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ಕಾವೇರಿಯ ಪಾಲಾಗುತ್ತದೆ. "ಸಮುದ್ರವೆಲ್ಲಿ?" ಎಂದು ಮುನಿಸಿಕೊಂಡಿದ್ದ ಕಿರಿಯ ಮೊಮ್ಮಗನಿಗೆ ದೊಡ್ಡಮ್ಮನವರು ಇದನ್ನೇ ಹೇಳಿ, "ಇದೂ ಅಲ್ಲಿಗೇ ಹೋಗೋ ನೀರಪ್ಪ, ಇಲ್ಲೇ ಕಾಲು ತೊಳಕೋ" ಎಂದು ಸಮಾಧಾನಪಡಿಸಿದರು.

ಮರುದಿನ ನಸುಕಿನಲ್ಲೇ ಮಧುಗಿರಿಯ ಮಾರ್ಗ ಹಿಡಿದೆವು. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಕುರಿತು ಬರೆದವರು ಅನೇಕರಿದ್ದಾರೆ, ನಾನು ಸೇರಿಸಬೇಕಾದುದು ಸ್ವಲ್ಪವೇ. ಅದರ ಬುಡದ ಕುರುಚಲು ಪೊದೆಗಳಲ್ಲಿ ಹಳದಿ ಕೊರಳಿನ ಪಿಕಳಾರವೆಂಬ ಅಪರೂಪದ ಹಕ್ಕಿಯಿದೆ. ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡಗಳನ್ನು ಬಿಟ್ಟು ಅದು ಬೇರೆಲ್ಲೂ ವಾಸಿಸದು. ನಮಗೆ ಕಂಠಸ್ವರ ಕೇಳಿಸಿತೇ ಹೊರತು ಚಿತ್ರಕ್ಕೆ ಸಿಗಲಿಲ್ಲ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು ಕೃಷ್ಣಮೃಗಗಳ ನೆಲೆ. ಸುಮಾರು 798 ಎಕರೆ ವಿಸ್ತಾರದ ಈ ಪ್ರದೇಶವನ್ನು ಸರ್ಕಾರವು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಪುರಾಣದ ಕಥೆಗಳಲ್ಲಿ ಓದಿದ ಮೃಗವನ್ನು ಕಣ್ಣೆದುರು ಕಂಡಾಗಿನ ಆನಂದವೇ ಬೇರೆ. ಹರೆಯದ ಗಂಡು ಕಂದು ಬಣ್ಣದ್ದು. ವಯಸ್ಸೇರಿದಂತೆ ಬೆನ್ನು ಕಪ್ಪಾಗುತ್ತದೆ, ಹೊಟ್ಟೆ ಬಿಳಿಯಾಗಿಯೇ ಉಳಿಯುತ್ತದೆ, ಕೊಂಬುಗಳು ತಿರುಪಿನಂತೆ ಸುತ್ತುತ್ತ ಮೇಲೇರುತ್ತವೆ. ಹೆಣ್ಣಿಗೆ ಸಾಮಾನ್ಯವಾಗಿ ಕೊಂಬಿಲ್ಲ. ಬೆದರಿದ ಹಿಂಡಿನಲ್ಲಿ ಒಂದು ಮೊದಲು ನೆಗೆದರೆ ಉಳಿದವೆಲ್ಲ ಚೆಂಡು ಪುಟಿದಂತೆ ನೆಗೆದು ಓಡುತ್ತವೆ. ವಾಹನದಿಂದ ಇಳಿಯದೆ, ಮಾತನಾಡದೆ ಕಾದಿದ್ದರೆ ಅವು ತಾವಾಗಿಯೇ ಮೇಯುತ್ತ ಸಮೀಪಿಸುತ್ತವೆ.

ಇಲ್ಲಿ ಒಂದು ಮಾತು. ಹುಲ್ಲುಗಾವಲನ್ನು 'ಬರಡು ಭೂಮಿ' ಎಂದು ಕರೆದು, ಅಲ್ಲಿ ನೀಲಗಿರಿ ನೆಡುವುದೇ ಪುಣ್ಯಕಾರ್ಯವೆಂದು ನಾವು ಬಹುಕಾಲ ನಂಬಿದ್ದೆವು. ಕೃಷ್ಣಮೃಗಕ್ಕೆ ಬೇಕಾದುದು ನೆರಳಲ್ಲ. ದೂರದಿಂದ ಬರುವ ಶತ್ರುವನ್ನು ಕಾಣಿಸುವ ತೆರೆದ ಬಯಲು. ಅದು ಕಿರಿದಾದಷ್ಟೂ ಮೃಗಗಳು ಪಕ್ಕದ ಹೊಲಗಳಿಗೆ ನುಗ್ಗುತ್ತವೆ. ರಾತ್ರಿಯೆಲ್ಲ ಬೆಳೆ ಕಾಯುವ ರೈತನ ಕಷ್ಟವನ್ನು, ಬೆಳಗ್ಗೆ ಬಂದು ಚಿತ್ರ ತೆಗೆದು ಹೋಗುವ ನಾವು ಅರಿಯುವುದು ಅಪರೂಪ.

ಯಾತ್ರೆಯ ಕೊನೆಯ ದಿನ ಸಿರಾ ತಾಲ್ಲೂಕಿನ ಕಗ್ಗಲಡುವಿಗೆ ಮೀಸಲಾಗಿತ್ತು. ಮದ್ದೂರು ಬಳಿಯ ಕೊಕ್ಕರೆ ಬೆಳ್ಳೂರಿನ ಹೆಸರು ನಾಡಿಗೆಲ್ಲ ಗೊತ್ತು. ಕಗ್ಗಲಡುವಿನ ಹೆಸರು ತುಮಕೂರಿನ ನಿಸರ್ಗಾಸಕ್ತರ ಮೂಲಕ ಹೊರಗಿನವರಿಗೆ ತಿಳಿದುದು 1999ರ ಸುಮಾರಿಗೆ. ಊರ ನಡುವಿನ ಹುಣಿಸೆಮರಗಳ ನೆತ್ತಿಯಲ್ಲಿ ಬಣ್ಣದ ಕೊಕ್ಕರೆಗಳು, ಬೂದು ಬಕಗಳು ಗೂಡು ಕಟ್ಟಿ ಮರಿಮಾಡುತ್ತವೆ. ಕೆಳಗೆ ಹಟ್ಟಿ, ದನಕರು, ಅಂಗಳದಲ್ಲಿ ಆಡುವ ಮಕ್ಕಳು. ಮೇಲೆ ಹಳದಿ ಕೊಕ್ಕು, ಕೆಂಪು ಛಾಯೆಯ ಮುಖ, ಬಾಲದ ಬಳಿ ಗುಲಾಬಿ ಬಣ್ಣದ ಗರಿಗಳ ಈ ದೊಡ್ಡ ಹಕ್ಕಿಗಳ ಸಂಸಾರ. ಬೆಳೆದ ಹಕ್ಕಿಗೆ ಕೂಗು ಇಲ್ಲವೆನ್ನುವಷ್ಟು ಕಡಿಮೆ; ಕೊಕ್ಕನ್ನು ಪಟಪಟನೆ ಬಡಿಯುವುದೇ ಅದರ ಮಾತು. ನಡುಹಗಲ ಬಿಸಿಲಿನಲ್ಲಿ ತಾಯಿಯೋ ತಂದೆಯೋ ರೆಕ್ಕೆಗಳನ್ನು ಕೊಡೆಯಂತೆ ಅಗಲಿಸಿ ಮರಿಗಳಿಗೆ ನೆರಳು ಹಿಡಿದು ನಿಲ್ಲುವ ನೋಟವನ್ನು ದೊಡ್ಡಮ್ಮನವರು ಕುಳಿತಲ್ಲಿಂದ ಕದಲದೆ ನೋಡಿದರು.

ಹುಣಿಸೆ ಹಣ್ಣಾಗುವುದೂ ಕೊಕ್ಕರೆ ಗೂಡು ಕಟ್ಟುವುದೂ ಬೇಸಿಗೆಯ ಆಸುಪಾಸಿನಲ್ಲೇ. ಗಳ ಹಿಡಿದು ಹಣ್ಣು ಬಡಿದರೆ ಗೂಡು ಉಳಿಯದು; ಗೂಡು ಉಳಿಯಬೇಕಾದರೆ ಆ ಕೊಂಬೆಯ ಹಣ್ಣಿನ ಆಸೆ ಬಿಡಬೇಕು. ಬಯಲುಸೀಮೆಯ ಬಡ ಒಕ್ಕಲಿಗೆ ಒಂದು ಹುಣಿಸೆಮರದ ಫಸಲೆಂದರೆ ಎಷ್ಟೆಂಬುದನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು.

ನಾವು ಅಲ್ಲಿದ್ದಾಗಲೇ ಪೇಟೆಯಿಂದ ಬಂದ ಯುವಕರ ತಂಡವೊಂದು ಹಾರುವ ಹಕ್ಕಿಯ ಚಿತ್ರ ಬೇಕೆಂದು ಮರದ ಕೆಳಗೆ ನಿಂತು ಚಪ್ಪಾಳೆ ತಟ್ಟತೊಡಗಿತು. ಒಬ್ಬನ ಕೈಯಲ್ಲಿ ಕಲ್ಲೂ ಇತ್ತು. ದೊಡ್ಡ ಹಕ್ಕಿ ಎದ್ದುಹೋದ ಕ್ಷಣದಿಂದ ಮರಿಗಳು ಸುಡುಬಿಸಿಲಿಗೂ, ಕಾದು ಕುಳಿತ ಕಾಗೆ ಹದ್ದುಗಳಿಗೂ ಈಡು. ಎದುರು ಮನೆಯ ಜಗುಲಿಯಿಂದ ವೃದ್ಧ ರೈತರೊಬ್ಬರು ಕೋಲೂರಿಕೊಂಡು ಎದ್ದು ಬಂದರು. ಸಿಟ್ಟು ಮಾಡಲಿಲ್ಲ. "ಬಾಣಂತಿ ಮನೆ ಸ್ವಾಮಿ ಇದು. ಬಾಣಂತೀನ ಯಾರಾದ್ರೂ ಕಲ್ಲು ಹೊಡೆದು ಎಬ್ಬಿಸ್ತಾರಾ?" ಎಂದರು. ಕಲ್ಲು ಕೆಳಗೆ ಬಿತ್ತು. ಆ ಯುವಕರೇ ಆಮೇಲೆ ಅವರ ಜಗುಲಿಯಲ್ಲಿ ಕುಳಿತು ಒಂದು ಗಂಟೆ ಕಾದರು. ಮೀನು ಹೊತ್ತು ಕೆರೆಯಿಂದ ಮರಳಿದ ಹಕ್ಕಿ ರೆಕ್ಕೆ ಬಿಚ್ಚಿ ಗೂಡಿಗಿಳಿಯುವ ಚಿತ್ರ ಅವರಿಗೂ ಸಿಕ್ಕಿತು, ನಮಗೂ ಸಿಕ್ಕಿತು.

ಮಳೆ ಕೈಕೊಟ್ಟು ಕೆರೆಗಳು ಬತ್ತಿದ ವರ್ಷ ಕೊಕ್ಕರೆಗಳಿಗೆ ಮರಿ ಸಾಕುವಷ್ಟು ಮೀನು ಸಿಗದು. ಆದುದರಿಂದ ಹೊರಡುವ ಮುನ್ನ ಸಿರಾ ಕಡೆಯ ಕೆರೆಗಳಲ್ಲಿ ನೀರಿದೆಯೇ ಎಂದು ವಿಚಾರಿಸುವುದು ಒಳಿತು. ಮಾರ್ಚ್, ಏಪ್ರಿಲ್ ತಿಂಗಳುಗಳು ಪ್ರಶಸ್ತ. ಮೈದನಹಳ್ಳಿಯಲ್ಲಿ ಅರಣ್ಯ ಇಲಾಖೆಯ ಸಿಬ್ಬಂದಿಯನ್ನು ಕೇಳಿಯೇ ಒಳಗೆ ಹೋಗಬೇಕು. ಬುತ್ತಿ, ಕುಡಿಯುವ ನೀರು, ತಲೆಗೆ ಟೋಪಿ ಇರಲಿ. ದುರ್ಬೀನು ಇದ್ದರೆ ಹಿರಿಯರಿಗೆಂದೇ ಒಂದನ್ನು ಒಯ್ಯಿರಿ. ನಮ್ಮ ದುರ್ಬೀನು ದೊಡ್ಡಮ್ಮನವರ ಕೈಯಿಂದ ಮರಳಿ ಬಂದುದು ಊರು ತಲುಪಿದ ಮೇಲೆಯೇ.