ಪುಟದಿಂದ ಪಟಕ್ಕೆ

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಬರುವವರಲ್ಲಿ ಬಹಳ ಮಂದಿ ಹುಡುಕುವುದು ಒಂದೇ ಚಿತ್ರವನ್ನು: ಕತ್ತಲ ಕೋಣೆಯಲ್ಲಿ ದೀಪ ಹಿಡಿದು ನಿಂತ ಹೆಣ್ಣು. ಅದು ರವಿವರ್ಮನದೆಂದು ಮಕ್ಕಳಿಗೆ ಹೇಳಿಕೊಡುವವರಿಗೂ ಕೊರತೆಯಿಲ್ಲ. ಬರೆದವರು ಎಸ್.ಎಲ್. ಹಲ್ದಣಕರ್, ಜಲವರ್ಣದ ಕೆಲಸ, ದೀಪ ಹಿಡಿದು ನಿಂತವಳು ಅವರ ಮಗಳು. ಅದೊಂದನ್ನು ನೋಡಿದ ಮೇಲೆ ಉಳಿದ ಕೋಣೆಗಳಲ್ಲಿ ಕಾಲು ನಿಲ್ಲುವುದಿಲ್ಲ. ನೋಡುಗರನ್ನು ದೂರಿ ಫಲವಿಲ್ಲ. ಅಲ್ಲಿನ ಎಷ್ಟೋ ಚಿತ್ರಗಳು ಕಥೆ ಬಲ್ಲವರಿಗಾಗಿಯೇ ಬರೆದವು. ಕಥೆ ಓದಿಕೊಂಡು ಹೋಗಬೇಕು.

ಓದುವವರಿಗೇನೂ ಈ ಊರಿನಲ್ಲಿ ಬರವಿಲ್ಲ. 2015ರಲ್ಲಿ ಶುರುವಾದ ಮೈಸೂರು ಬುಕ್ ಕ್ಲಬ್ಸ್ ಸಾಹಿತ್ಯ ಸಂಭ್ರಮವನ್ನೂ ನಡೆಸುವಷ್ಟು ಬೆಳೆದಿದೆ. ಸಣ್ಣಪುಟ್ಟ ಓದು ಬಳಗಗಳು ಬಡಾವಣೆಗೊಂದರಂತೆ ಸಿಗುತ್ತವೆ. ತಿಂಗಳಿಗೊಂದು ಪುಸ್ತಕ, ಚರ್ಚೆ, ಕಾಫಿ. ಆ ಕಾಫಿಯ ನಂತರ ಚಿತ್ರಶಾಲೆಗೊಂದು ಭೇಟಿಯನ್ನೂ ಸೇರಿಸಿಕೊಳ್ಳಲು ಮೈಸೂರಿನಷ್ಟು ಅನುಕೂಲದ ಊರು ಬೇರೆ ಕಾಣೆ. ಇಲ್ಲಿ ಗ್ರಂಥವೂ ಚಿತ್ರವೂ ಹುಟ್ಟಿದ್ದು ಒಂದೇ ಅರಮನೆಯ ಆಶ್ರಯದಲ್ಲಿ.

1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಉಳಿದದ್ದು ಪಟ್ಟವೇ ಹೊರತು ಅಧಿಕಾರವಲ್ಲ. ಅವರ ಮನಸ್ಸು ಪಂಡಿತರ ಕಡೆಗೆ, ಚಿತ್ರಗಾರರ ಕಡೆಗೆ, ಆಟಗಳ ಕಡೆಗೆ ಹರಿಯಿತು. ಆಗ ಸಿದ್ಧವಾದದ್ದು ‘ಶ್ರೀತತ್ತ್ವನಿಧಿ’. ಒಂಬತ್ತು ನಿಧಿಗಳ ಸಚಿತ್ರ ಸಂಗ್ರಹ: ಶಕ್ತಿನಿಧಿಯಿಂದ ಹಿಡಿದು ಕೌತುಕನಿಧಿಯವರೆಗೆ. ದೇವತೆಗೆ ಕೈ ಎಷ್ಟು, ಮೈಬಣ್ಣ ಯಾವುದು, ಯಾವ ಕೈಯಲ್ಲಿ ಯಾವ ಆಯುಧ, ವಾಹನ ಯಾವುದು ಎಂಬುದನ್ನೆಲ್ಲ ಧ್ಯಾನಶ್ಲೋಕ ಹೇಳುತ್ತದೆ, ಜೊತೆಯಲ್ಲೇ ಚಿತ್ರವಿದೆ. ಚಿತ್ರಗಾರ ಕುಂಚ ಹಿಡಿಯುವ ಮೊದಲು ಶ್ಲೋಕ ತಿಳಿದಿರಬೇಕಿತ್ತು.

ಇದರ ಒಂದು ಪ್ರತಿ ಕೃಷ್ಣರಾಜ ಬುಲೆವಾರ್ಡಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿದೆ. ಹಳಬರ ಬಾಯಲ್ಲಿ ಅದು ಈಗಲೂ ಓರಿಯಂಟಲ್ ಲೈಬ್ರರಿ. 1891ರ ಸಂಸ್ಥೆ, ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರ ದೊರೆತದ್ದು, 1909ರಲ್ಲಿ ಅದು ಅಚ್ಚಾದದ್ದು ಇಲ್ಲಿಂದಲೇ. ಇಲ್ಲಿ ಓಲೆಗರಿಗೆ ಮಜ್ಜಿಗೆಹುಲ್ಲಿನ ಎಣ್ಣೆ ಸವರುತ್ತಾರೆ: ಗರಿ ಮೆತ್ತಗಾಗುತ್ತದೆ, ಹುಳು ಹತ್ತಿರ ಸುಳಿಯುವುದಿಲ್ಲ. ಶ್ರೀತತ್ತ್ವನಿಧಿಯ ಮೂಲ ಗ್ರಂಥ ಎಲ್ಲರ ಕೈಗೆ ಸಿಗುವಂಥದ್ದಲ್ಲ, ಸಿಗಲೂಬಾರದು. ಆದರೆ ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿಗಳನ್ನು ಸಂಸ್ಥೆಯೇ ಅಚ್ಚುಹಾಕಿಸಿದೆ. ಬಳಗದ ಮೊದಲ ತಿಂಗಳ ಓದಿಗೆ ಅಷ್ಟು ಸಾಕು.

ಅಲ್ಲಿಂದ ಜಗನ್ಮೋಹನಕ್ಕೆ ನಡೆದೇ ಹೋಗಬಹುದು. ಇದೂ ಮುಮ್ಮಡಿಯವರದೇ, 1861ರ ಕಟ್ಟಡ. 1915ರಲ್ಲಿ ಚಿತ್ರಶಾಲೆಯಾಯಿತು, 1955ರಿಂದ ಜಯಚಾಮರಾಜೇಂದ್ರರ ಹೆಸರು. ಮೈಸೂರು ಶೈಲಿಯ ಪಟಗಳ ಮುಂದೆ ನಿಂತು, ಓದಿದ ಶ್ಲೋಕದ ಲೆಕ್ಕ ಹಾಕಿ ನೋಡಿ: ಶಂಖ ಯಾವ ಕೈಯಲ್ಲಿ, ಚಕ್ರ ಯಾವ ಕೈಯಲ್ಲಿ? ಆಮೇಲೆ ಒಂದು ಪಕ್ಕಕ್ಕೆ ಸರಿದು, ಬೆಳಕು ಓರೆಯಾಗಿ ಬೀಳುವಂತೆ ಒಡವೆಗಳನ್ನು ನೋಡಬೇಕು. ಮಕ್ಕಿ ಸಫೇದವೆಂಬ ಲೇಪದ ತೆಳು ಉಬ್ಬು, ಅದರ ಮೇಲೆ ಅಪ್ಪಟ ಚಿನ್ನದ ರೇಕು. ತಂಜಾವೂರಿನ ಪಟಗಳಲ್ಲಿ ಉಬ್ಬು ದಪ್ಪ, ಕಲ್ಲುಗಳ ಝಗಮಗ ಜಾಸ್ತಿ, ನಮ್ಮವರದು ಮೆಲುದನಿ. ಈ ಶೈಲಿಗೆ 2005ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು, ಅದು ಬೇರೆ ಮಾತು.

ಎರಡನೇ ತಿಂಗಳಿಗೆ ನನ್ನ ಆಯ್ಕೆ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’. ಇಡೀ ಕಾವ್ಯ ಓದುತ್ತೇವೆಂದು ಹೊರಟ ಬಳಗ ಅರ್ಧಕ್ಕೇ ಚದುರುತ್ತದೆ. ಸೀತಾಪಹರಣದ ಭಾಗ ಸಾಕು, ಗಟ್ಟಿಯಾಗಿ ಓದಬೇಕು. ಆಮೇಲೆ ಜಗನ್ಮೋಹನದಲ್ಲೇ ಇರುವ ರವಿವರ್ಮನ ಜಟಾಯು ವಧೆಯ ಮುಂದೆ ನಿಲ್ಲಿ. ಕತ್ತಿ ಎತ್ತಿದ ರಾವಣ, ಕತ್ತರಿಸಿ ಬೀಳುವ ರೆಕ್ಕೆ, ಮುಖ ಮುಚ್ಚಿಕೊಂಡ ಸೀತೆ. ಇಲ್ಲಿನ ರಾವಣ ನಾಟಕದ ರಾವಣ, ಖಳನಾಗಿಯೇ ನಿಂತವನು. ಒಂಟಿಕೊಪ್ಪಲಿನ ಕವಿ ಕುವೆಂಪು ಅವರ ರಾವಣನಿಗೆ ಒಳತೋಟಿಯಿದೆ, ಉದ್ಧಾರದ ದಾರಿಯೂ ಇದೆ. ಒಂದೇ ಊರಿನೊಳಗೆ ಎರಡು ರಾವಣರು! ಯಾರು ದೊಡ್ಡವರೆಂಬ ಜಗಳಕ್ಕೆ ಬಳಗ ಬೀಳುವುದು ಖಂಡಿತ, ಬೀಳಲಿ. ನನ್ನ ಓಟು ಕುವೆಂಪು ಅವರಿಗೆ. ಆದರೆ ಜಟಾಯುವನ್ನು ರವಿವರ್ಮನಿಗೇ ಬಿಟ್ಟುಕೊಡುತ್ತೇನೆ.

ಪುರಾಣ ಬೇಡವೆನ್ನುವವರಿಗೆ ಅದೇ ಚಿತ್ರಶಾಲೆಯಲ್ಲಿ ರವಿವರ್ಮನ ಇನ್ನೊಂದು ಚಿತ್ರವಿದೆ, ಬೇರೆ ಬೇರೆ ಸೀಮೆಯ ಹನ್ನೊಂದು ಹೆಂಗಸರ ಸಂಗೀತಗೋಷ್ಠಿ. ಇದಕ್ಕೆ ಪೂರ್ವಸಿದ್ಧತೆಯ ಓದು ಬೇಕಿಲ್ಲ. ಒಬ್ಬೊಬ್ಬರು ಒಬ್ಬೊಬ್ಬಳ ಸೀರೆ, ವಾದ್ಯ, ಕಣ್ಣಿನ ನೋಟ ಹಿಡಿದು ಅರ್ಧ ಪುಟ ಬರೆದು ತಂದರಾಯಿತು.

ಒಂದೇ ಎಚ್ಚರಿಕೆ: ಒಂದು ಭೇಟಿಗೆ ಎರಡೋ ಮೂರೋ ಚಿತ್ರ, ಅಷ್ಟೇ. ಗಡಿಯಾರ, ವಾದ್ಯ, ಪಿಂಗಾಣಿ ಎಲ್ಲವನ್ನೂ ಮುಗಿಸುತ್ತೇವೆಂದರೆ ಕೊನೆಗೆ ನೆನಪಿರುವುದು ಕಾಲುನೋವು.

ಇಂಗ್ಲಿಷ್ ಓದುವ ಬಳಗಗಳಿಗೆ ಆರ್.ಕೆ. ನಾರಾಯಣ್ ಇದ್ದಾರೆ. ಯಾದವಗಿರಿಯ ಅವರ ಮನೆ 2016ರಿಂದ ವಸ್ತುಸಂಗ್ರಹಾಲಯ. 1976ರ ‘ದಿ ಪೇಂಟರ್ ಆಫ್ ಸೈನ್ಸ್’ ಕಾದಂಬರಿಯ ರಾಮನ್ ಮಾಲ್ಗುಡಿಯಲ್ಲಿ ಬೋರ್ಡು ಬರೆಯುವವನು, ಅಕ್ಷರದ ಓರೆಕೋರೆಗೆಲ್ಲ ತಲೆಕೆಡಿಸಿಕೊಳ್ಳುವವನು. ಅವನ ಕಥೆ ಓದಿದವರು ಯಾವ ಚಿತ್ರಶಾಲೆಗೂ ಹೋಗಬೇಕಿಲ್ಲ. ದೇವರಾಜ ಮಾರುಕಟ್ಟೆಯ ಸುತ್ತಮುತ್ತ ಒಂದು ಸುತ್ತು ಹಾಕಿ, ಫ್ಲೆಕ್ಸುಗಳ ನಡುವೆ ಕೈಯಲ್ಲಿ ಬರೆದ ಬೋರ್ಡು ಇನ್ನೂ ಎಷ್ಟು ಉಳಿದಿವೆಯೆಂದು ಎಣಿಸಿಕೊಂಡು ಬರಲಿ.